ಸಾಮಾನು ಇಳಿಸಲು ಮಾತ್ರ

ಸೆಪ್ಟೆಂಬರ್ 2, ಸೋಮವಾರ

ನನಗೆ ಕೆಲಸ ಸಿಕ್ಕಿತು, ಸಿಕ್ಕಿತು, ಸಿಕ್ಕೇಬಿಟ್ಟಿತು! ಮದುವೆಯಾಗಿ ಇವತ್ತಿಗೆ ಮೂವತ್ತೇಳು ದಿನ, ಈ ವಾಯುನೆಲೆಯ ಕ್ವಾರ್ಟರ್ಸಿಗೆ ಬಂದು ಇಪ್ಪತ್ತೊಂದು ದಿನ. ಅಷ್ಟರಲ್ಲೇ ಗಂಡನ ಸೈಕಲ್ಲಿನ ಹಿಂದೆ ಕೂತು ಇಬ್ಬರೂ ಒಂದೇ ಗೇಟಿನೊಳಗೆ ಕೆಲಸಕ್ಕೆ ಹೋಗುವ ಭಾಗ್ಯ! ಪಕ್ಕದ ಮನೆಯವರು ಕಿಟಕಿಯಿಂದ ನೋಡಲಿ, ಹೊಟ್ಟೆ ಉರಿದುಕೊಳ್ಳಲಿ.

ಕೆಲಸ ಅನುವಾದದ್ದು. ಸಂಪರ್ಕ ಕಚೇರಿಗೆ ದೊಡ್ಡಣ್ಣನಿಂದ ಬರುವ ಇಂಗ್ಲಿಷ್ ಪತ್ರಗಳನ್ನು ನಮ್ಮ ಭಾಷೆಗೆ ತಿರುಗಿಸಿ ಆಯಾ ವಿಭಾಗಕ್ಕೆ ಕಳಿಸಬೇಕು. ದೊಡ್ಡಣ್ಣ ಎಂದರೆ ಸಮುದ್ರದಾಚೆಯ ಆ ಮಹಾಶಕ್ತಿ. ಇಲ್ಲಿ ಯಾರೂ ಆ ದೇಶದ ಹೆಸರು ಹೇಳುವುದಿಲ್ಲ. ನಮ್ಮ ಸರ್ಕಾರ ಅವರಿಂದ ಹನ್ನೆರಡು ಹೊಸ ಯುದ್ಧವಿಮಾನ ಕೊಳ್ಳುತ್ತಿದೆಯಂತೆ. ಹಾಗಾಗಿ ದಿನಕ್ಕೊಂದು ಚೀಲ ಪತ್ರ.

ಕಚೇರಿಯ ಸಾಹೇಬರು ಎಷ್ಟು ಮೆತ್ತಗೆ ಮಾತಾಡುತ್ತಾರೆಂದರೆ ಅವರ ಮುಂದೆ ಉಸಿರು ಬಿಗಿಹಿಡಿದು ಕೂರಬೇಕು. ಒಂದು ಪತ್ರ ಕೊಟ್ಟು ಗಡಿಯಾರ ನೋಡಿದರು. ಹನ್ನೊಂದು ನಿಮಿಷದಲ್ಲಿ ಮುಗಿಸಿದೆ.

"ಭೇಷ್. ಆದ್ರೆ ನೋಡಮ್ಮಾ, ಕೊನೆ ಪ್ಯಾರಾ ಯಾಕೆ ಬರೆದೆ?"

"ಅದೂ ಪತ್ರದಲ್ಲಿ ಇದೆಯಲ್ಲಾ ಸರ್?"

"ಅವರ ಎಲ್ಲಾ ಪತ್ರದಲ್ಲೂ ಅದೇ ಇರುತ್ತೆ. ಸ್ನೇಹ, ಧನ್ಯವಾದ, ವಕೀಲರು ಸೇರಿಸಿದ ನಾಲ್ಕು ಸಾಲು. ನಮ್ಮ ಹುಡುಗರಿಗೆ ಅದನ್ನ ಓದೋಕೆ ಪುರಸೊತ್ತಿಲ್ಲ. ಬಿಟ್ಟುಬಿಡು."

ಎಷ್ಟು ಅನುಭವ! ಕೊನೆಯ ಪ್ಯಾರಾ ಬಿಟ್ಟರೆ ಎಂಟೇ ನಿಮಿಷ.

ಈ ಡೈರಿ ಕೂಡ ಕೆಲಸದ ಸಲುವಾಗಿಯೇ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು. ನಮ್ಮ ಭಾಷೆ ಬಾಯಲ್ಲಿ ಸರಾಗ, ಕೈಯಲ್ಲಿ ಕುಂಟುತ್ತದೆ. "ದಿನಾ ಒಂದು ಪುಟ ಬರಿ, ಕೈ ಪಳಗುತ್ತೆ" ಎಂದರು ಇವರು, ನನ್ನ ಯಜಮಾನರು. ಇವರು ಹೇಳಿದ ಮೇಲೆ ಮುಗಿಯಿತು!

ಸೆಪ್ಟೆಂಬರ್ 5, ಗುರುವಾರ

ಇವತ್ತು ಊಟದ ಬಿಡುವಿನಲ್ಲಿ ಇವರ ಕೆಲಸದ ಜಾಗ ನೋಡಿದೆ. ಅಬ್ಬಾ! ರೈಲು ಡಬ್ಬಿಯಷ್ಟು ಉದ್ದದ ಮೇಜುಗಳು, ಒಂದರ ಪಕ್ಕ ಒಂದು. ಮೇಲೆ ಬಿಳಿ ರೇಷ್ಮೆಯಂಥ ಬಟ್ಟೆ ಹರಡಿಕೊಂಡು ಗಾಳಿಗೆ ಉಸಿರಾಡುತ್ತಿದೆ. ಪ್ಯಾರಾಚೂಟುಗಳು. ಇಲ್ಲಿ ಎಲ್ಲರೂ ಛತ್ರಿ ಎನ್ನುತ್ತಾರೆ. ಇವರು ಛತ್ರಿ ಮಡಚುವವರು. ಮಡಿಕೆಯ ಮೇಲೆ ಮಡಿಕೆ, ಹಗ್ಗದ ಪಕ್ಕ ಹಗ್ಗ, ಒಂದು ಹಗ್ಗವೂ ಇನ್ನೊಂದನ್ನು ದಾಟಬಾರದು. ಮನೆಯಲ್ಲಿ ಟವೆಲನ್ನು ಸುರುಳಿ ಸುತ್ತಿ ಎಸೆಯುವ ಮನುಷ್ಯ ಇವರೇನಾ ಎಂದು ಬಾಯಿ ಬಿಟ್ಟುಕೊಂಡು ನೋಡಿದೆ.

ಅಲ್ಲಿ ಹರಿದ ಛತ್ರಿ ಹೊಲಿಯುವ ಹಿರಿಯ ಹೆಂಗಸೊಬ್ಬರಿದ್ದಾರೆ. ಎಲ್ಲರೂ ಹೊಲಿಗೆಯಕ್ಕ ಎನ್ನುತ್ತಾರೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವಳೇನಾ? ಎರಡು ತಿಂಗಳಿಂದ ಇವನ ಬಾಯಲ್ಲಿ ಬೇರೆ ಮಾತಿಲ್ಲ. ಒಂದ್ಸಲ ನಿನ್ನ ನೆನಪಲ್ಲಿ ಛತ್ರಿ ಬದಲು ನನ್ನ ಊಟದ ಚೀಲ ಮಡಚಿಟ್ಟಿದ್ದ" ಎಂದರು. ಇವರ ಕಿವಿ ಕೆಂಪಾಯಿತು!

ಮಡಚಿದ ಮೇಲೆ ಪ್ರತಿ ಛತ್ರಿಯ ಜೇಬಿನಲ್ಲೂ ಒಂದು ಚೀಟಿ ಇಡುತ್ತಾರೆ. ಮಡಚಿದವನ ಹೆಸರು, ದಿನ, ಸಹಿ. ಹಾರುವವನು ಆ ಚೀಟಿ ನೋಡಿಯೇ ಬೆನ್ನಿಗೆ ಕಟ್ಟಿಕೊಳ್ಳುವುದು.

"ಅಕಸ್ಮಾತ್ ತೆರೆಯದೆ ಹೋದ್ರೆ?" ಎಂದು ಕೇಳಿದೆ.

ಇವರ ಬದಲು ಬಡಾಯಿ ಉತ್ತರ ಕೊಟ್ಟ. ಬಡಾಯಿ ಇವರ ಜೀವದ ಗೆಳೆಯ, ಇನ್ನೂರ ಹನ್ನೊಂದು ಸಲ ಹಾರಿದವನು. ಹೆಸರಿಗೆ ತಕ್ಕ ಬಾಯಿ. "ತೆರೆಯದೆ ಹೋದ್ರೆ ಅತ್ತಿಗೆ, ಮಡಚಿದವನಿಗೆ ಒಂದು ಹಕ್ಕಿದೆ. ತನ್ನ ಮೇಲೆ ತಪ್ಪು ಬರೆಯೋ ಮುಂಚೆ, ಅದೇ ಸರಣಿಯ ಇನ್ನೊಂದು ಛತ್ರಿನ ಎಲ್ಲರ ಕಣ್ಣೆದುರು ಮಡಚಿ, ಅಷ್ಟೇ ಎತ್ತರದಿಂದ ತಾನೇ ಹಾರಬಹುದು. ತೆರೀತೋ, ಕೈ ಶುದ್ಧ ಅಂತ ಲೆಕ್ಕ. ಇದಕ್ಕೆ ನಾವು 'ಕೈಹಾರು' ಅಂತೀವಿ."

"ತೆರೀಲಿಲ್ವೋ?"

"ಆಗ ವಿಚಾರಣೆ ಮಾಡೋಕೆ ಯಾರೂ ಉಳಿದಿರಲ್ಲ, ಕಚೇರಿಗೆ ಕೆಲಸ ಕಮ್ಮಿ!"

ಎಲ್ಲರೂ ನಕ್ಕರು. ಹದಿನೆಂಟು ವರ್ಷದಿಂದ ಇಲ್ಲಿ ಯಾರೂ ಕೈಹಾರು ಹಾರಿಲ್ಲವಂತೆ. ಸಂಜೆ ಸೈಕಲ್ಲಿನ ಮೇಲೆ ಇವರ ಬೆನ್ನಿಗೆ ಕೆನ್ನೆ ಒತ್ತಿ, ಇಷ್ಟು ನಂಬಿಕಸ್ಥ ಕೈಗಳು ನನ್ನವು ಎಂದು ನೆನೆದು ಅಳುವಷ್ಟು ಖುಷಿಯಾಯಿತು.

ಸೆಪ್ಟೆಂಬರ್ 12, ಗುರುವಾರ

ಬಡಾಯಿ ಊಟಕ್ಕೆ ಬಂದಿದ್ದ. ನನ್ನ ಅಡುಗೆ ತಿಂದು, "ಅತ್ತಿಗೆ, ಇದನ್ನ ಗಡಿಯಲ್ಲಿ ಇಳಿಸಿದ್ರೆ ಶತ್ರು ಶರಣಾಗ್ತಾನೆ" ಎಂದ. ಎರಡು ಸಲ ಬಡಿಸಿಕೊಂಡ ಮೇಲೆ ಹೇಳಿದ ಮಾತಿದು!

ಪತ್ರಿಕೆಯ ಮುಖಪುಟದಲ್ಲಿ ಹೊಸ ವಿಮಾನದ ಚಿತ್ರ. ಎಷ್ಟು ಚೂಪು, ಎಷ್ಟು ಚೆಂದ! ಗೋಡೆಗೆ ಅಂಟಿಸಿದೆ. ಬಡಾಯಿ ಅದನ್ನು ನೋಡಿ ಹೇಳಿದ: "ಅದಕ್ಕೆ ದುಡ್ಡು ಸುರಿಯೋ ಭರದಲ್ಲಿ ನಮ್ಮ ಛತ್ರಿಗೆ ನಾಲ್ಕು ವರ್ಷದಿಂದ ಹೊಸ ಬಟ್ಟೆ ಇಲ್ಲ. ಹೊಲಿಗೆಯಕ್ಕ ತೇಪೆ ಮೇಲೆ ತೇಪೆ ಹಾಕಿ, ಈಗ ತೇಪೆಗಳೇ ಒಂದು ಛತ್ರಿ ಆಗಿವೆ."

"ದೊಡ್ಡಣ್ಣ ಕೊಡ್ತಾನೆ ಬಿಡಪ್ಪ" ಎಂದೆ ನಾನು.

"ದೊಡ್ಡಣ್ಣ ಕೊಟ್ಟಿದ್ದನ್ನ ಯಾವತ್ತೂ ಬೆಳಕಲ್ಲಿ ಹಿಡಿದು ನೋಡಬೇಕು" ಎಂದರು ಇವರು. ಇವರಿಗೆ ಎಲ್ಲದರಲ್ಲೂ ಅನುಮಾನ. ಇದೊಂದೇ ದೋಷ. ಹ್ಞಾಂ, ಟವೆಲೂ ಸೇರಿ ಎರಡು.

ಸೆಪ್ಟೆಂಬರ್ 19, ಗುರುವಾರ

ನಾನು ಹೇಳಿದ್ದೇ ಆಯಿತು! ವಿಮಾನದ ಒಪ್ಪಂದದ ಜೊತೆ ಸ್ನೇಹದ ಕಾಣಿಕೆಯಾಗಿ ದೊಡ್ಡಣ್ಣ ಮುನ್ನೂರು ಛತ್ರಿ ಕಳಿಸಿದ್ದಾನೆ. ಬಿಟ್ಟಿಯಾಗಿ! ಪ್ರತಿಯೊಂದರ ಮೇಲೂ ಎರಡು ಕೈಗಳು ಕುಲುಕುವ ಗುರುತು. ಪತ್ರ ನನ್ನ ಮೇಜಿಗೇ ಬಂತು. ಮೂರು ಪುಟ. ಸಾಹೇಬರು "ಇವತ್ತೇ ಬೇಕು" ಎಂದರು. ಸಂಜೆ ಸಿನಿಮಾಕ್ಕೆ ಹೋಗುವುದಿತ್ತು. ಇವರು ಆಗಲೇ ಗೇಟಿನ ಹತ್ತಿರ ಸೈಕಲ್ ಗಂಟೆ ಬಾರಿಸುತ್ತಿದ್ದರು. ಕೊನೆಯ ಪ್ಯಾರಾ ಎಂದಿಗಿಂತ ಉದ್ದವಿತ್ತು, ಸಣ್ಣ ಅಕ್ಷರ ಬೇರೆ. ಎಂದಿನಂತೆ ಬಿಟ್ಟು, ಮುಚ್ಚಿ, ಮೊಹರು ಒತ್ತಿ ಓಡಿದೆ.

ದಾರಿಯಲ್ಲಿ ಇವರು ಕೇಳಿದರು. "ಛತ್ರಿಗಳ ವಯಸ್ಸು ಎಷ್ಟು ಅಂತ ಬರೆದಿದ್ದಾರಾ? ಬಟ್ಟೆ ಮೇಲಿನ ಹಳೇ ಮುದ್ರೆ ಅಳಿಸಿದ ಹಾಗಿದೆ."

"ಅಯ್ಯೋ, ಶುರುವಿಂದ ಕೊನೆವರೆಗೂ ಹೊಗಳಿಕೆಯೇ ರೀ. ಎಲ್ಲಾ ಚೆನ್ನಾಗಿದೆ ಅಂತಿದೆ" ಎಂದು ನಕ್ಕೆ.

"ಪೂರ್ತಿ ಓದಿದೀಯಲ್ಲಾ?"

"ಮೇಷ್ಟ್ರೇ, ಟಿಕೆಟ್ ತೆಗೀರಿ ಮೊದಲು!"

ಸಿನಿಮಾ ಸಪ್ಪೆ. ಆದರೆ ಪೂರ್ತಿ ಹೊತ್ತು ಇವರ ಕೈ ನನ್ನ ಕೈಯಲ್ಲಿತ್ತು.

ಸೆಪ್ಟೆಂಬರ್ 26, ಗುರುವಾರ

ಅಕ್ಟೋಬರ್ ಹನ್ನೊಂದಕ್ಕೆ ದೊಡ್ಡಣ್ಣನ ನಿಯೋಗ ಬರುತ್ತದೆ, ಒಪ್ಪಂದಕ್ಕೆ ಸಹಿಯಾಗುತ್ತದೆ. ಅವರೆದುರು ಕಾಣಿಕೆಯ ಛತ್ರಿಗಳಲ್ಲೇ ಹತ್ತು ಜನ ಹಾರುತ್ತಾರೆ. ಬಡಾಯಿ ಮುಂದಾಳು! ಮಡಚುವವರು ಇವರು! ಅತಿಥಿಗಳ ಪಕ್ಕ ಇಂಗ್ಲಿಷಿನಲ್ಲಿ ವಿವರಿಸುವವಳು ನಾನು! ಒಂದೇ ಮನೆಯಿಂದ ಇಬ್ಬರು. ಅಮ್ಮನಿಗೆ ಪತ್ರ ಬರೆದೆ. ಮಂಗಳವಾರ ತಾಲೀಮು.

ಅಕ್ಟೋಬರ್ 1, ಮಂಗಳವಾರ

ಬಡಾಯಿ ಹೋದ.

ಅಕ್ಟೋಬರ್ 3, ಗುರುವಾರ

ಬರೆಯಲು ಆಗುತ್ತಿಲ್ಲ. ಬರೆಯದೆ ಇದ್ದರೆ ಅದೇ ಕಣ್ಣ ಮುಂದೆ ಮತ್ತೆ ಮತ್ತೆ ನಡೆಯುತ್ತದೆ.

ಅತಿಥಿಗಳಿಗೆ ಮುಖ ಕಾಣುವಷ್ಟು ಹತ್ತಿರ ಬರಲಿ ಎಂದು ವಿಮಾನವನ್ನು ಕೆಳಗೆ ಹಾರಿಸಿದ್ದರು. ನಾನು ವೇದಿಕೆಯ ಮೇಲೆ ಖಾಲಿ ಕುರ್ಚಿಗಳಿಗೆ ಇಂಗ್ಲಿಷಿನಲ್ಲಿ ವಿವರಣೆ ಅಭ್ಯಾಸ ಮಾಡುತ್ತಿದ್ದೆ. ಒಂದು ಬಿಳಿ ಹೂ ಅರಳಿತು. ಎರಡು. ಮೂರು. ಎಣಿಸುತ್ತಾ ಹೋದೆ. ಒಂಬತ್ತು ಅರಳಿದವು. ಒಂದು ಅರಳಿದಂತೆ ಮಾಡಿ, ನೆತ್ತಿಯಿಂದ ಅಂಚಿನವರೆಗೆ ಸೀಳಿತು. ಶಬ್ದ ಇಷ್ಟು ದೂರಕ್ಕೂ ಕೇಳಿಸಿತು. ಯಾರೋ ಹಳೆಯ ಹಾಸಿಗೆ ಬಟ್ಟೆ ಹರಿದ ಹಾಗೆ. ಎದೆಯ ಮೇಲಿನ ಎರಡನೆಯ ಛತ್ರಿ ತೆರೆಯಲು ಅಷ್ಟು ಎತ್ತರ ಸಾಲದು. ಇದನ್ನು ಆಮೇಲೆ ಹೇಳಿದರು.

ನನ್ನ ಬಾಯಿ ಇನ್ನೂ ಇಂಗ್ಲಿಷಿನಲ್ಲಿ ಏನೋ ಹೇಳುತ್ತಲೇ ಇತ್ತು. ಧ್ವನಿವರ್ಧಕದಲ್ಲಿ ಅದು ಮೈದಾನದ ತುಂಬ ಕೇಳಿಸುತ್ತಿತ್ತು. ಯಾರೋ ಬಂದು ತಂತಿ ಕಿತ್ತರು.

ಅವನು ನಮ್ಮ ಮನೆಗೆ ಬಂದಾಗ ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಇವರು ಕೂರುತ್ತಿಲ್ಲ, ನಾನೂ ಕೂರುತ್ತಿಲ್ಲ. ಹರಿದ ಛತ್ರಿಯ ಜೇಬಿನ ಚೀಟಿ ಸಿಕ್ಕಿತು. ಅದರಲ್ಲಿ ಇವರ ಸಹಿ.

ಅಕ್ಟೋಬರ್ 4, ಶುಕ್ರವಾರ

ಇವರನ್ನು ಬೆಳಗ್ಗೆ ಛತ್ರಿ ವಿಭಾಗದ ಕೊಠಡಿಗೆ ಕರೆದುಕೊಂಡು ಹೋದರು. ವಿಚಾರಣೆ ಮುಗಿಯುವವರೆಗೆ ಅಲ್ಲೇ ಇರಬೇಕು. ಬೇರೆ ನೆಲೆಯಿಂದ ವೈದ್ಯಾಧಿಕಾರಿಯೊಬ್ಬರು ವಿಚಾರಣಾ ಮಂಡಳಿಯ ಮುಖ್ಯಸ್ಥೆಯಾಗಿ ಬಂದಿದ್ದಾರೆ. ಡಾಕ್ಟರಮ್ಮ ಎನ್ನುತ್ತಾರೆ ಎಲ್ಲರೂ.

ಹೋಗುವಾಗ ಇವರು ಟವೆಲನ್ನು ನಾಲ್ಕು ಮಡಿಕೆ ಮಾಡಿ ಹಾಸಿಗೆಯ ಮೇಲಿಟ್ಟರು.

ಮಧ್ಯಾಹ್ನ ಹೊಲಿಗೆಯಕ್ಕ ಬಂದರು. ಕೈಚೀಲದಿಂದ ಗೇಣುದ್ದದ ಬಿಳಿ ಬಟ್ಟೆ ತೆಗೆದರು. ಹರಿದ ಛತ್ರಿಯದ್ದಲ್ಲ, ಅದೇ ಸರಣಿಯ ಇನ್ನೊಂದರ ಅಂಚು. "ಎಳಿ" ಎಂದರು. ಎಳೆದೆ. ನೆನೆದ ಕಾಗದದಂತೆ ನನ್ನ ಕೈಯಲ್ಲಿ ಎರಡಾಯಿತು.

"ಎಲ್ಲಾ ಛತ್ರಿನೂ ಹೀಗೇನಾ?"

"ಎಲ್ಲಾನೂ ಅಲ್ಲ. ಕೆಲವು ಗಟ್ಟಿ, ಕೆಲವು ಹೀಗೆ. ಮಡಚೋನಿಗೆ ಕಣ್ಣಲ್ಲಿ ಗೊತ್ತಾಗಲ್ಲ ಕಣಮ್ಮ. ಬಟ್ಟೆ ಹಳೇದಾದ್ರೆ ನೂಲು ಒಳಗಿಂದ ಸಾಯುತ್ತೆ. ನಾನು ಮಂಡಳಿಗೆ ಹೇಳಿದೆ. 'ಮನುಷ್ಯರು ಹಾರಬಹುದು ಅಂತ ಕೊಟ್ಟವರೇ ಬರೆದಿದ್ದಾರೆ, ನೀನೇನು ವಿಜ್ಞಾನಿಯಾ' ಅಂತ ನಿಮ್ಮ ಸಾಹೇಬ್ರು ಕಾಗದ ತೋರಿಸಿದ್ರು."

"ಯಾವ ಕಾಗದ?"

"ನೀನು ಬರೆದಿದ್ದೇ. ನಿನ್ನ ಮೊಹರಿತ್ತು."

ನಾನು ಹಾಗೆ ಬರೆದಿರಲಿಲ್ಲ. ಮೂಲದ ಮೊದಲ ಪುಟದಲ್ಲಿ ಇದ್ದದ್ದು, ಇವು ಸೈನಿಕರಿಗಾಗಿಯೇ ತಯಾರಾದ ಉತ್ತಮ ಛತ್ರಿಗಳು ಎಂದು. ಅದನ್ನು ಬರೆದೆ. ಉಳಿದ ಮಾತು ನಾನು ಬಿಟ್ಟ ಕೊನೆಯ ಪ್ಯಾರಾದಲ್ಲಿತ್ತು.

ಹೊಲಿಗೆಯಕ್ಕ ಹೋದ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತೆ. ಮುಚ್ಚುವ ಮೊದಲು ಆ ಪುಟದ ಮೇಲೆ ಕಣ್ಣು ಹಾಯಿಸಿದ್ದೆ. ಓದಿದೆ ಎಂದು ಹೇಳುವಂತಿಲ್ಲ, ಓದಿಲ್ಲ ಎನ್ನುವಂತೆಯೂ ಇಲ್ಲ. ಇಂಗ್ಲಿಷ್ ನನಗೆ ನೋಡಿದ ಕೂಡಲೇ ಒಳಗಿಳಿಯುತ್ತದೆ, ಶಾಲೆ ಕಲಿಸಿದ್ದು ಅದನ್ನೇ. ಕೂತು ನೆನಪಿಸಿಕೊಂಡೆ. ಸಾಲು ಸಾಲಾಗಿ ಬಂತು.

ಈ ಸರಣಿಯ ಬಟ್ಟೆಯ ಅವಧಿ ಮುಗಿದಿದೆ. ಇನ್ನು ಮುಂದೆ ಸಾಮಾನು ಇಳಿಸಲು ಮಾತ್ರ ಬಳಸಬೇಕು. ಮನುಷ್ಯರಿಗೆ ಬಳಸಬಾರದು. ಬಳಸಿದರೆ ಕೊಟ್ಟವರು ಹೊಣೆಯಲ್ಲ.

ಅವರು ಹೇಳಿದ್ದರು. ದೊಡ್ಡಣ್ಣ ಸಣ್ಣ ಅಕ್ಷರದಲ್ಲಾದರೂ ಹೇಳಿದ್ದ. ನಾನು ಹೇಳಲಿಲ್ಲ.

ಅಕ್ಟೋಬರ್ 5, ಶನಿವಾರ

ಬೆಳಗ್ಗೆ ಸಾಹೇಬರ ಕೋಣೆಗೆ ಹೋಗಿ ನಿಂತೆ. ಇಲ್ಲಿ ಅವರ ಮಾತನ್ನು ನೆನಪಿದ್ದಷ್ಟು ಹಾಗೆಯೇ ಬರೆದಿಡುತ್ತೇನೆ.

"ಸರ್, ಮೂಲ ಪತ್ರ ಬೇಕು. ಕೊನೆ ಪ್ಯಾರಾದಲ್ಲಿ ಸಾಮಾನಿಗೆ ಮಾತ್ರ ಅಂತ ಇತ್ತು."

"ಕೂತ್ಕೋ ಅಮ್ಮಾ. ನೀರು ಕುಡಿ. ಮೂಲ ಪತ್ರ ರಾಜಧಾನಿಗೆ ಹೋಗಿದೆ."

"ಯಾವಾಗ ಹೋಯ್ತು?"

"ಬುಧವಾರ."

"ಬಡಾಯಿ ಸತ್ತಿದ್ದು ಮಂಗಳವಾರ."

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು. "ಶುಕ್ರವಾರ ಒಪ್ಪಂದ ಇದೆ. ಹನ್ನೆರಡು ವಿಮಾನ. ಗಡಿಯಾಚೆಯವರ ಹತ್ರ ಎಷ್ಟಿವೆ ಗೊತ್ತಾ ನಿಂಗೆ? ನಲವತ್ತು. ದೇಶ ಕಾಯೋ ಮಾತು ಬಂದಾಗ, ಬಿಟ್ಟಿ ಬಂದ ಬಟ್ಟೆ ಹರೀತು ಅಂತ ಕೊಟ್ಟವರ ಮುಂದೆ ಗಲಾಟೆ ಮಾಡೋಕಾಗುತ್ತಾ? ಮಡಚೋದ್ರಲ್ಲಿ ಏನೋ ಸ್ವಲ್ಪ ಹೆಚ್ಚುಕಮ್ಮಿ ಆಯ್ತು ಅಂತ ಬರೀತಾರೆ. ನಿನ್ನ ಗಂಡನಿಗೆ ಬೇರೆ ಕಡೆ ವರ್ಗ ಆಗುತ್ತೆ. ದೊಡ್ಡ ಶಿಕ್ಷೆ ಆಗದ ಹಾಗೆ ನಾನು ನೋಡ್ಕೋತೀನಿ."

"ಅವರು ತಪ್ಪೇ ಮಾಡಿಲ್ಲ ಸರ್."

"ಹಾಗಾದ್ರೆ ತಪ್ಪು ನಿನ್ನದು" ಎಂದರು, ಅದೇ ಮೆತ್ತಗಿನ ದನಿಯಲ್ಲಿ. "ಪತ್ರ ಅರ್ಧ ಮಾಡಿದ ಕೈ ನಿನ್ನದು. ಕೊನೆ ಪ್ಯಾರಾ ಬಿಡು ಅಂತ ನಾನು ಬರೆದು ಕೊಟ್ಟಿದೀನಾ? ಯೋಚನೆ ಮಾಡು. ಇಬ್ಬರಲ್ಲಿ ಒಬ್ಬರಾದ್ರೂ ಮನೇಲಿ ಇರಬೇಕಲ್ಲಾ?"

ರಜೆಯ ಅರ್ಜಿಯನ್ನು ಅವರೇ ಬರೆದಿಟ್ಟಿದ್ದರು. ತಾಯಿ ಮನೆಯಲ್ಲಿ ಹದಿನೈದು ದಿನ ವಿಶ್ರಾಂತಿ. ಜೀಪಿನಲ್ಲಿ ಸ್ಟೇಷನ್ನಿಗೆ ಬಿಡಿಸಿದರು.

ನಾನು ಸಹಿ ಹಾಕಿದೆ. ಹಾಕಿದ್ದೇಕೆ ಎಂದು ರೈಲಿನ ಕಿಟಕಿಯ ಪಕ್ಕ ಕೂತು ಕೇಳಿಕೊಂಡೆ. ಹೆದರಿಕೆಯಾಗಿತ್ತು. ಅಷ್ಟೇ.

ಅಕ್ಟೋಬರ್ 7, ಸೋಮವಾರ

ಅಮ್ಮನ ಮನೆ. ಅಮ್ಮ ಮೂವತ್ತು ವರ್ಷ ತಂತಿ ಕಚೇರಿಯಲ್ಲಿ ದುಡಿದವಳು. ಕೇಳದೆಯೇ ಕಾಯುವುದು ಗೊತ್ತು. ತಟ್ಟೆ ಮುಂದಿಟ್ಟು, "ಉಣ್ಣು. ಆಮೇಲೆ ಹೇಳು, ಇಲ್ಲಾಂದ್ರೆ ಹೇಳ್ಬೇಡ" ಎಂದಳು.

ಉಣ್ಣಲಿಲ್ಲ, ಹೇಳಲೂ ಇಲ್ಲ. ಅಮ್ಮನ ಕೆಮ್ಮಿನ ಔಷಧಿಯ ಡಬ್ಬಿಯಲ್ಲಿದ್ದ ಹಾಳೆಯನ್ನು ಬಿಡಿಸಿ ಪೂರ್ತಿ ಓದಿದೆ. ತಯಾರಿಸಿದವರ ವಿಳಾಸದವರೆಗೂ.

ಬಡಾಯಿಗೆ ತಂಗಿಯೊಬ್ಬಳು ಇದ್ದಾಳಂತೆ. ನಾನು ಯಾವತ್ತೂ ಕೇಳಿರಲೇ ಇಲ್ಲ. ಅವನು ಮನೆಗೆ ಬಂದಾಗಲೆಲ್ಲ ನಾನೇ ಮಾತಾಡುತ್ತಿದ್ದೆ.

ಅಕ್ಟೋಬರ್ 8, ಮಂಗಳವಾರ

ಹೊಲಿಗೆಯಕ್ಕ ಮಾರುಕಟ್ಟೆಯ ಫೋನಿನಿಂದ ಮಾತಾಡಿದರು. ಹಿಂದೆ ಲಾರಿಗಳ ಗದ್ದಲ.

"ಕೇಳ್ತಿದ್ಯಾ ಮಗಳೇ? ನಿನ್ನ ಗಂಡ ಕೈಹಾರು ಕೇಳಿದ್ದಾನೆ."

"ಏನು?"

"ಶುಕ್ರವಾರ ಬೆಳಗ್ಗೆ ಎಂಟಕ್ಕೆ. ಅದೇ ಸರಣಿ, ಅದೇ ಎತ್ತರ. ಹದಿನೆಂಟು ವರ್ಷದಿಂದ ಯಾರೂ ಕೇಳಿರಲಿಲ್ಲ. ಮಂಡಳಿಯವರು ನಿಯಮದ ಪುಸ್ತಕ ತೆಗೆದು ನೋಡಿದ್ರು, ಇಲ್ಲ ಅನ್ನೋ ಹಾಗಿಲ್ಲ. ಮಧ್ಯಾಹ್ನ ನಿಯೋಗ ಬರೋದ್ರೊಳಗೆ ಮುಗಿಸಿಬಿಡೋಣ ಅಂತ ನಿಮ್ಮ ಸಾಹೇಬ್ರಿಗೂ ಅವಸರ. ನಾನು ಕಾಲಿಗೆ ಬೀಳೋದೊಂದು ಬಾಕಿ. ಕೇಳಲ್ಲ ಅಂತಾನೆ. 'ಅಕ್ಕಾ, ನನ್ನ ಕೈ ಮಡಚಿದ್ದು ಸರಿಯಾಗಿತ್ತು, ಬಡಾಯಿಗೆ ಅಷ್ಟು ತೋರಿಸ್ಬೇಕು' ಅಂತಾನೆ."

ಬಟ್ಟೆಯ ತುಂಡು ನನ್ನ ಕೈಯಲ್ಲಿ ಎರಡಾದ ರೀತಿ ಬೆರಳುಗಳಿಗೆ ನೆನಪಾಯಿತು. ನೆಲೆಗೆ ಫೋನು ಮಾಡಿದೆ. ಡಾಕ್ಟರಮ್ಮ ಬೇಕು ಎಂದೆ. ಗೇಟಿನವನು ಹೆಸರು ಕೇಳಿ ಸಾಹೇಬರಿಗೆ ಜೋಡಿಸಿದ. "ವಿಶ್ರಾಂತಿ ತಗೋ ಅಮ್ಮಾ" ಎಂದು ಇಟ್ಟರು.

ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಶುರುವಿನಿಂದ ಕೊನೆಯವರೆಗೆ, ಸೈಕಲ್ ಗಂಟೆಯನ್ನೂ ಸಿನಿಮಾವನ್ನೂ ಬಿಡದೆ. ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, "ಅವನಿಗೆ ಹೇಳಿದೀಯಾ?" ಎಂದಳು.

"ಇಲ್ಲ."

"ಮೊದಲು ಅದು."

ಅಕ್ಟೋಬರ್ 9, ಬುಧವಾರ

ವಿಭಾಗದ ಹೊಲಿಗೆ ಕೋಣೆಯಲ್ಲಿ ನೂಲು ತರಿಸಲು ಒಂದು ಫೋನಿದೆ, ಅದರ ಕರೆ ಗೇಟಿನವನ ಮೂಲಕ ಹೋಗುವುದಿಲ್ಲ. ಬೆಳಗ್ಗೆ ಹತ್ತಕ್ಕೆ ಹೊಲಿಗೆಯಕ್ಕ ಅದರ ಹತ್ತಿರ ಇವರನ್ನು ಕರೆತಂದು ನಿಲ್ಲಿಸಿದ್ದರು.

"ಹಲೋ."

"ರೀ, ನಾನು."

"ಗೊತ್ತಾಯ್ತು. ಊಟ ಮಾಡ್ತಿದೀಯಾ?"

ಎಂಟು ದಿನದಿಂದ ತಡೆದಿದ್ದ ಅಳು ಆ ಒಂದು ಪ್ರಶ್ನೆಗೆ ಒಡೆಯಬೇಕಿತ್ತು. ಮೊದಲು ಹೇಳಿ, ಆಮೇಲೆ ಅಳಬೇಕು ಎಂದು ನಿರ್ಧರಿಸಿಕೊಂಡಿದ್ದೆ. ಕೊನೆಯ ಪ್ಯಾರಾವನ್ನು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೆ, ಅದನ್ನು ಓದಿದೆ. ನಾಲ್ಕು ವಾಕ್ಯ. ಓದಿ, "ಇದು ಪತ್ರದಲ್ಲಿತ್ತು. ನಾನು ಬಿಟ್ಟೆ" ಎಂದೆ.

ಆ ಕಡೆ ಹೊಲಿಗೆ ಯಂತ್ರ ಓಡುತ್ತಿತ್ತು.

"ಅವತ್ತು ಕೇಳಿದ್ದೆ ನಾನು" ಎಂದರು.

"ಹೌದು."

"ಪೂರ್ತಿ ಓದಿದೀಯಾ ಅಂತ ಕೇಳಿದ್ದೆ."

"ಹೌದು ರೀ."

"ನೀನು ನಕ್ಕೆ."

ಯಂತ್ರ ನಿಂತಿತು. ಹೊಲಿಗೆಯಕ್ಕ ಕೇಳಿಸಿಕೊಳ್ಳುತ್ತಿದ್ದರು ಅನ್ನಿಸುತ್ತದೆ.

"ಯಾರ್ಯಾರಿಗೆ ಗೊತ್ತು?"

"ಸಾಹೇಬರಿಗೆ. ಅಮ್ಮನಿಗೆ. ಈಗ ನಿಮಗೆ."

"ಸರಿ. ಇಲ್ಲಿಗೇ ನಿಲ್ಲಲಿ."

"ಅಂದ್ರೆ ಹಾರಲ್ಲ ತಾನೇ?"

"ಹಾರ್ತೀನಿ."

"ರೀ! ಬಟ್ಟೆ ಸತ್ತುಹೋಗಿದೆ ಅಂತ ಈಗ ತಾನೇ ಹೇಳಿದೆ!"

"ಹಾರಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ಹೇಳ್ಬೇಕಾಗುತ್ತೆ. ಹೇಳಿದ್ರೆ ನಿನ್ನನ್ನ ಕರ್ಕೊಂಡು ಹೋಗ್ತಾರೆ. ಕೆಲಸಕ್ಕೆ ಸೇರೋವಾಗ ಗೋಪ್ಯದ ಕಾಗದಕ್ಕೆ ಸಹಿ ಹಾಕಿದೀಯ, ನೆನಪಿದೆಯಾ? ಹತ್ತರಲ್ಲಿ ಒಂಬತ್ತು ತೆರೆದಿವೆ ಕಣೇ. ನಂದೂ ತೆರೆಯುತ್ತೆ. ತೆರೆದ ಮೇಲೆ ಗಾಳಿ ಕಾರಣ ಅಂತ ಬರೆದು ಮುಚ್ತಾರೆ. ತಪ್ಪು ನಿಂದೂ ಅಲ್ಲ, ನಂದೂ ಅಲ್ಲ. ಮುಗೀತು."

"ಮುಗಿಯಲ್ಲ. ಉಗ್ರಾಣದಲ್ಲಿ ಇನ್ನೂ ಇನ್ನೂರ ತೊಂಬತ್ತಿವೆ. ನಿಮ್ಮದು ತೆರೆದ್ರೆ, ಎಲ್ಲಾ ಸರಿ ಅಂತ ಅವನ್ನೂ ಹಂಚ್ತಾರೆ."

ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಹೇಳುತ್ತಿರುವಾಗಲೇ ಗೊತ್ತಾಯಿತು. ಇವರೂ ಯೋಚಿಸಿರಲಿಲ್ಲ ಅನ್ನಿಸುತ್ತದೆ.

"ಅದನ್ನ ಆಮೇಲೆ ನೋಡೋಣ" ಎಂದರು ಕೊನೆಗೆ. "ನೀನು ಅಲ್ಲೇ ಇರು. ನನ್ನ ಮೇಲೆ ಆಣೆ."

"ಆಣೆಗೀಣೆ ಬೇಡ. ನಾನು ಬರ್ತಿದೀನಿ."

"ಬರಬೇಡ ಅಂದೆ."

ಫೋನು ಇಟ್ಟರು. ಇಷ್ಟು ದಿನದಲ್ಲಿ ಇವರ ಮಾತಿಗೆ ಎದುರು ಹೇಳಿದ್ದು ಇದೇ ಮೊದಲು. ಸರಿಯಾಗಿ ಒಂದು ನಿಮಿಷ ಅತ್ತೆ. ಆಮೇಲೆ ಮುಖ ತೊಳೆದು ರೈಲ್ವೆ ವೇಳಾಪಟ್ಟಿ ಹುಡುಕಿದೆ.

ಆ ದಾರಿಗೆ ವಾರಕ್ಕೆ ಮೂರು ರೈಲು. ಇವತ್ತಿನದು ಬೆಳಗ್ಗೆಯೇ ಹೋಯಿತು. ನಾಳೆ ಒಂದಿದೆ. ಕೈಹಾರು ನಾಡಿದ್ದು ಬೆಳಗ್ಗೆ ಎಂಟಕ್ಕೆ. ನಡುವೆ ಒಂದೇ ಸಂಜೆ ನನ್ನ ಕೈಯಲ್ಲಿದೆ. ಡಾಕ್ಟರಮ್ಮನಿಗೆ ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಗೇಟಿನಲ್ಲೇ ನನ್ನನ್ನು ತಡೆದು ಮತ್ತೆ ಜೀಪಿಗೆ ಹತ್ತಿಸುತ್ತಾರೆ. ತಂತಿ ಕಳಿಸಬೇಕು ಎಂದೆ. ನೆಲೆಯ ವಿಳಾಸಕ್ಕೆ ಹಾಕಿದರೆ ಅದು ಸಾಹೇಬರ ಮೇಜಿಗೆ ಹೋಗುತ್ತದೆ. ಡಾಕ್ಟರಮ್ಮ ನೆಲೆಯ ಹೊರಗೆ ಊರಿನ ಅತಿಥಿಗೃಹದಲ್ಲಿ ಉಳಿದಿದ್ದಾರೆ ಎಂದು ಹೊಲಿಗೆಯಕ್ಕ ಹೇಳಿದ್ದರು, ಅಲ್ಲಿಗೆ ಹಾಕು ಎಂದು ದಾರಿ ತೋರಿಸಿದವಳು ಅಮ್ಮ.

ಬರೆಯಲು ಕೂತೆ. 'ಮಾನ್ಯರೇ, ಹೃದಯ ಒಡೆದು ಹೋಗಿರುವ ಒಬ್ಬ ಅಭಾಗಿನಿಯ ಕಣ್ಣೀರಿನ ಬಿನ್ನಹ' ಎಂದು ಶುರುಮಾಡಿದೆ. ಪುಟ ತುಂಬಿತು. ಅಮ್ಮ ಕನ್ನಡಕ ಏರಿಸಿ ಓದಿದಳು.

"ಇದರಲ್ಲಿ ಸುದ್ದಿ ಎಲ್ಲಿದೆ?"

"ಎಲ್ಲಾ ಇದೆಯಲ್ಲಮ್ಮಾ."

"ಅಳು ಇದೆ. ಮೂವತ್ತು ವರ್ಷ ನೋಡಿದೀನಿ, ಜನ ಎದೆ ತುಂಬಿ ಬಂದಾಗ ಮುಖ್ಯದ ಮಾತನ್ನ ಕೊನೇಲಿ ಸಣ್ಣದಾಗಿ ಬರೀತಾರೆ. ಓದೋನು ಅಲ್ಲಿವರೆಗೆ ಬರಲ್ಲ. ಏನಾಗಿದೆ, ಯಾರು ಮಾಡಿದ್ದು, ಏನು ನಿಲ್ಲಬೇಕು, ನೀನು ಯಾವಾಗ ಬರ್ತೀಯ. ಅಷ್ಟು ಬರಿ."

"ಬರೆದ್ರೆ ನನ್ನನ್ನ ಹಿಡಿದು ಕೂರಿಸ್ತಾರೆ ಅಮ್ಮ."

"ಕೂರಿಸಬಹುದು" ಎಂದಳು. ಸಮಾಧಾನಕ್ಕೂ ಇಲ್ಲ ಎನ್ನಲಿಲ್ಲ. ನನ್ನ ಪೆಟ್ಟಿಗೆ ಮಂಚದ ಮೇಲೆ ತೆಗೆದಿಟ್ಟು ಉಣ್ಣೆಯ ಶಾಲು ಒಳಗೆ ಹಾಕಿದಳು. "ಅಲ್ಲಿ ನೆಲ ತಣ್ಣಗಿರುತ್ತೆ. ನಾನೂ ಬರ್ತೀನಿ, ಸುಮ್ನಿರು."

ಇಬ್ಬರೂ ನಡೆದುಕೊಂಡೇ ತಂತಿ ಕಚೇರಿಗೆ ಹೋದೆವು. ಅಮ್ಮನ ಹಳೆಯ ಕೌಂಟರಿನಲ್ಲಿ ಈಗ ಬೇರೊಬ್ಬರು. ತಂತಿಯ ಫಾರಂ ತುಂಬಿದೆ, ಅಕ್ಷರ ನೆಟ್ಟಗೆ ಬಂತು. ಕಳಿಸಿದ್ದನ್ನು ಇಲ್ಲಿ ಇಳಿಸಿಕೊಂಡಿದ್ದೇನೆ:

ವಿಚಾರಣಾ ಮಂಡಳಿಯ ಮುಖ್ಯಸ್ಥೆಗೆ. ಕಾಣಿಕೆಯ ಛತ್ರಿಗಳು ಅವಧಿ ಮೀರಿದವು, ಸಾಮಾನು ಇಳಿಸಲು ಮಾತ್ರ ಎಂದು ಮೂಲ ಪತ್ರದ ಕೊನೆಯಲ್ಲಿದೆ. ಅನುವಾದದಲ್ಲಿ ಅದನ್ನು ಬಿಟ್ಟವಳು ನಾನು. ಕೊನೆಯ ಪ್ಯಾರಾ ಬಿಡುವಂತೆ ಹೇಳಿದವರು ಸಂಪರ್ಕಾಧಿಕಾರಿ. ಮಡಚಿದವನ ತಪ್ಪಿಲ್ಲ. ಶುಕ್ರವಾರದ ಕೈಹಾರು ನಿಲ್ಲಿಸಿ, ಉಗ್ರಾಣಕ್ಕೆ ಬೀಗ ಹಾಕಿಸಿ. ನನ್ನ ಹೇಳಿಕೆ ಬರೆದುಕೊಳ್ಳಲು ಸ್ಟೇಷನ್ನಿಗೆ ನೀವೇ ಬನ್ನಿ. ಗುರುವಾರ ಸಂಜೆ ಐದೂ ನಲವತ್ತರ ಪ್ಯಾಸೆಂಜರ್ ರೈಲಿಗೆ ಇಳಿಯುತ್ತೇನೆ.